ನಾಯಕಿಯ ಉಡುಪಿನ ಒಳಮಗ್ಗುಲು

ಆ ಸಂಜೆ ನೃತ್ಯಶಾಲೆಯ ಮೇಲಿನ ಹಾಲಿಗೆ ಕಾಲಿಟ್ಟ ಗಳಿಗೆಯಿಂದ ಯೂನಿಫಾರ್ಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಒಂದು ಕಡೆ ಸೆಂಟಿನ ಘಾಟು, ಇನ್ನೊಂದು ಕಡೆ ಕರಿದ ತಿಂಡಿಯ ಎಣ್ಣೆ ವಾಸನೆ, ಎರಡರ ನಡುವೆ ಹಲ್ಲು ಗಿಂಜುತ್ತ ಓಡಾಡುವ ನಿರ್ದೇಶಕ. ಹೊಸ ಬ್ಯಾಲೆಯ ಉಡುಪುಗಳನ್ನೆಲ್ಲ ಗೊಂಬೆಗಳಿಗೆ ತೊಡಿಸಿ ಸಾಲಾಗಿ ನಿಲ್ಲಿಸಿದ್ದರು. ಪ್ರತಿ ಗೊಂಬೆಯ ಕೊರಳಲ್ಲೂ ಒಂದು ಚೀಟಿ, ಅದರಲ್ಲಿ ಖರ್ಚು ಕೊಟ್ಟ ಪ್ರಾಯೋಜಕರ ಹೆಸರು. ಪ್ರದರ್ಶನಕ್ಕೆ ಮುಂಚೆ ಪ್ರಾಯೋಜಕರನ್ನು ಕರೆದು ಅವರವರ ಉಡುಪನ್ನು ತೋರಿಸುವುದು ಅಲ್ಲಿಯ ಪದ್ಧತಿಯಂತೆ.

ತೋರಿಸುವುದೇನು ಬಂತು, ದನ ಕೊಳ್ಳುವವರು ಹಲ್ಲು ಹಿಡಿದು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದರು. ಸಿಮೆಂಟ್ ವ್ಯಾಪಾರಿಯೊಬ್ಬ ಗೊಂಬೆಯ ಸೊಂಟ ಬಳಸಿ ನಿಂತು, "ಇದ್ರೊಳಗೆ ಬರೋ ಹುಡುಗಿ ಯಾರು? ಅವಳನ್ನೂ ಕರೀರಿ, ಒಂದು ಫೋಟೋ ಆಗ್ಲಿ," ಅಂದ. ಅವನ ಹೆಂಡತಿ ತಿಂಡಿ ತಿಂದ ಬೆರಳನ್ನು ಬಿಳಿ ಜಾಲರಿ ಲಂಗದ ಮೇಲೆ ಸವರಿ, "ಎಷ್ಟು ಮೆತ್ತಗಿದೆ ನೋಡಿ," ಅಂದಳು. ನಿರ್ದೇಶಕ ಅದಕ್ಕೂ ನಕ್ಕ. ಥೂ, ಇವನಿಗೆ ಮಾನ ಮರ್ಯಾದೆ ಅನ್ನುವುದು ಏನಾದರೂ ಇದೆಯೇ ಎಂದು ಯೂನಿಫಾರ್ಮಕ್ಕ ಮನಸ್ಸಿನಲ್ಲೇ ಉಗಿದಳು.

ಹಾಗಂತ ಅವಳೇನೂ ಬೇರೆ ಕೆಲಸಕ್ಕೆ ಬಂದವಳಲ್ಲ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಸುವ ದೊಡ್ಡ ಕಾರ್ಖಾನೆ ಅವಳದು, ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಈ ಬ್ಯಾಲೆಯ ಉಡುಪುಗಳ ಖರ್ಚಿನಲ್ಲಿ ಮುಕ್ಕಾಲು ಪಾಲನ್ನು ಅವಳೇ ವಹಿಸಿಕೊಂಡಿದ್ದಳು. ಯಾಕೆ ಅಂದರೆ, ನಾಯಕಿಯ ಪಾತ್ರ ಅವಳ ಒಬ್ಬಳೇ ಮಗಳಿಗೆ ಸಿಕ್ಕಿತ್ತು.

ಆ ಮಗಳಿಗೆ ಚಿಕ್ಕಂದಿನಿಂದ ಅವಳು ಹೇಳಿಕೊಟ್ಟದ್ದು ಒಂದೇ ಮಾತು: ನನ್ನ ಹೆಸರು ಹೇಳಿಕೊಂಡು ಯಾರ ಬಾಗಿಲಿಗೂ ಹೋಗಬೇಡ. ಹುಡುಗಿ ಆ ಮಾತು ಮೀರಿದ್ದನ್ನು ಅವಳು ಕಂಡಿರಲಿಲ್ಲ. ಹೆಬ್ಬೆರಳು ಒಡೆದು ರಕ್ತ ಸೋರಿದರೂ ಕುಂಟುತ್ತ ತಾಲೀಮಿಗೆ ಹೊರಡುತ್ತಿದ್ದಳು. ಪಾತ್ರ ಸಿಕ್ಕಿತೆಂದು ಅವಳು ಬಂದು ಹೇಳಿದ ದಿನ ಯೂನಿಫಾರ್ಮಕ್ಕ ಕಾರ್ಖಾನೆಯ ಮಿಷನ್‌ಗಳನ್ನೆಲ್ಲ ನಿಲ್ಲಿಸಿ ಸುದ್ದಿ ಹಂಚಿದ್ದಳು. ಅದಾದ ಮೇಲೆ ನಿರ್ದೇಶಕ ಕೈಮುಗಿದುಕೊಂಡು ಬಂದಾಗ ಇಲ್ಲ ಅನ್ನುವ ಮನಸ್ಸಾಗಲಿಲ್ಲ.

"ಬನ್ನಿ ಮೇಡಂ, ಇದು ನಿಮ್ಮದು," ಎಂದು ನಿರ್ದೇಶಕ ಅವಳನ್ನು ನಡುವಿನ ಗೊಂಬೆಯ ಹತ್ತಿರ ಕರೆದೊಯ್ದ. ದಂತದ ಬಣ್ಣದ ಸ್ಯಾಟಿನ್ ಉಡುಪು, ಎದೆಯ ಮೇಲೆ ಸಣ್ಣ ಮಣಿಗಳ ಸಾಲು. ಬಂದವರೆಲ್ಲ ಮಣಿ ನೋಡಿ ಆಹಾ ಅಂದು ಹೋಗಿದ್ದರು. ಯೂನಿಫಾರ್ಮಕ್ಕ ಮಣಿಯ ಕಡೆ ತಿರುಗಿಯೂ ನೋಡಲಿಲ್ಲ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಮಗುಚಿ ಒಳಮಗ್ಗುಲು ನೋಡುವುದು ಅವಳಿಗೆ ಜನ್ಮಕ್ಕಂಟಿದ ಚಾಳಿ. ಹುಕ್ಕು ಬಿಚ್ಚಿ ಉಡುಪನ್ನು ಗೊಂಬೆಯಿಂದ ಇಳಿಸಿ ಮಗುಚಿಯೇಬಿಟ್ಟಳು. ನಿರ್ದೇಶಕನ ನಗೆ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಸಿಮೆಂಟ್ ವ್ಯಾಪಾರಿ ಫೋಟೋಕ್ಕೆ ಕರೆದದ್ದರಿಂದ ಅವನು ಆ ಕಡೆ ಓಡಬೇಕಾಯಿತು.

ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಸಡಿಲ ಮಾಡಿ, ಮತ್ತೆ ಹೊಲಿದಿದ್ದರು. ಸ್ಯಾಟಿನ್‌ಗೆ ಒಮ್ಮೆ ಸೂಜಿ ಚುಚ್ಚಿದರೆ ತೂತು ಮುಚ್ಚುವುದಿಲ್ಲ. ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ತೊಡುವವರ ಹೆಸರು ಬರೆದ ಪಟ್ಟಿಯನ್ನು ಹುಕ್ಕಿನ ಪಕ್ಕ ಹೊಲಿಯುತ್ತಾರೆ. ಅಲ್ಲಿ ಮಗಳ ಹೆಸರಿನ ಪಟ್ಟಿ ಇತ್ತು. ಅದರ ಕೆಳಗೆ ಇನ್ನೊಂದು ಪಟ್ಟಿಯನ್ನು ಕಿತ್ತ ಗುರುತೂ ಇತ್ತು. ಇನ್ನೂ ಯಾರೂ ತೊಟ್ಟು ವೇದಿಕೆ ಹತ್ತದ ಹೊಚ್ಚ ಹೊಸ ಉಡುಪು ಅದು.

ಉಡುಪು ಕೋಣೆಯ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. ಯೂನಿಫಾರ್ಮಕ್ಕ ದನಿ ತಗ್ಗಿಸಿ ಕೇಳಿದಳು, "ಇದನ್ನ ಯಾರ ಅಳತೆಗೆ ಕತ್ತರಿಸಿದ್ರಿ?"

"ಮುಂದೆ ಬೇರೆಯವರಿಗೂ ಆಗ್ಲಿ ಅಂತ ಒಳಗೆ ಬಟ್ಟೆ ಜಾಸ್ತಿ ಬಿಟ್ಟಿರ್ತೀವಕ್ಕ."

"ನನ್ನ ಕಿವಿಗೆ ಹೂವಿಡಬೇಡ. ಬಿಟ್ಟಿದ್ದನ್ನ ಕೇಳ್ತಿಲ್ಲ, ಬಿಚ್ಚಿದ್ದನ್ನ ಕೇಳ್ತಿದ್ದೀನಿ."

ಆ ಹೆಂಗಸು ಬಾಗಿಲ ಕಡೆ ಕಣ್ಣು ಹಾಯಿಸಿದಳು. ಬ್ಯಾಲೆಯಲ್ಲಿ ಮರವಾಗಿ ನಿಲ್ಲುವವರ ಹಸಿರು ಬಟ್ಟೆ ತೊಟ್ಟ ಸಪೂರ ಹುಡುಗಿಯೊಬ್ಬಳು ಪ್ರಾಯೋಜಕರಿಗೆ ಜ್ಯೂಸಿನ ಲೋಟ ಹಂಚುತ್ತಿದ್ದಳು. "ಅವಳದ್ದಕ್ಕ. ಮಾದರಿಗೆ ಅಂತ ಇದೊಂದನ್ನ ಮೊದಲೇ ಹೊಲಿದಿದ್ವಿ. ಪಾತ್ರನೂ ಅವಳದ್ದೇ ಇತ್ತು. ಆಮೇಲೆ ನಿಮ್ಮ ಹೆಸರು ಬಂತು, ಎಲ್ಲ ಬದಲಾಯ್ತು. ನಾನು ಹೇಳ್ದೆ ಅನ್ಬೇಡಿ, ನಂದೂ ಹೊಟ್ಟೆಪಾಡು."

ಯೂನಿಫಾರ್ಮಕ್ಕನ ಮೈ ಉರಿದುಹೋಯಿತು. ಹುಡುಗಿ ಯಾರ ಮಗಳೆಂದು ನಿರ್ದೇಶಕ ಹೇಗೋ ಪತ್ತೆ ಹಚ್ಚಿ, ಮೊದಲು ಪಾತ್ರದ ಆಸೆ ತೋರಿಸಿ, ಆಮೇಲೆ ಕೈಮುಗಿದುಕೊಂಡು ಬಂದಿದ್ದಾನೆ ಕಳ್ಳ ನನ್ಮಗ. ತನ್ನ ದುಡ್ಡನ್ನು ತಿಂದದ್ದು ಹಾಳಾಗಲಿ, ಮಗಳ ಕಣ್ಣಿಗೂ ಮಣ್ಣೆರಚಿದ್ದಾನೆ. ಸ್ವಂತ ಕಾಲಿನ ಬಲದಿಂದ ಮೇಲೆ ಬಂದೆ ಅಂದುಕೊಂಡಿರುವ ಹುಡುಗಿಗೆ ಇದನ್ನು ಹೇಗೆ ಹೇಳುವುದು? ಹೇಳದೆ ಮುಚ್ಚಿಟ್ಟರೆ ತಾನೂ ಅವನ ಜೊತೆ ಸೇರಿದಂತಾಗುತ್ತದೆ. ಅವಳು ಉಡುಪನ್ನು ತೋಳ ಮೇಲೆ ಹಾಕಿಕೊಂಡು ಕೆಳಗೆ, ಕುಣಿಯುವವರು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಇಳಿದಳು.

ಮಗಳು ಕನ್ನಡಿಯ ಮುಂದೆ ಕೂತು ನೃತ್ಯದ ಬೂಟಿಗೆ ರಿಬ್ಬನ್ ಹೊಲಿಯುತ್ತಿದ್ದಳು. ತಾಯಿ ಬಾಗಿಲು ಮುಂದೆ ಮಾಡಿ, ಉಡುಪನ್ನು ಅವಳ ಎದುರಿಗಿಟ್ಟು, ಹಳೆಯ ತೂತುಗಳ ಸಾಲನ್ನು ತೋರಿಸಿದಳು.

"ಪುಟ್ಟಾ, ಮನಸ್ಸು ಗಟ್ಟಿ ಮಾಡ್ಕೊ. ಇದು ನಿನಗೆ ಅಂತ ಹೊಲಿದಿದ್ದಲ್ಲ."

"ಗೊತ್ತು."

"ಏನ್ ಗೊತ್ತು? ಯಾರು ಹೇಳಿದ್ರು?"

"ಯಾರು ಯಾಕೆ ಹೇಳ್ಬೇಕು?" ಮಗಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ನಾನೇ ನಿರ್ದೇಶಕರ ಹತ್ರ ಹೋಗಿ ಮಾತಾಡಿದ್ದು. ಪಾತ್ರ ನನಗೆ ಕೊಟ್ರೆ ಉಡುಪಿನ ಖರ್ಚಲ್ಲಿ ಮುಕ್ಕಾಲು ಪಾಲು ನಮ್ಮಮ್ಮ ಕೊಡ್ತಾರೆ ಅಂದೆ. ಒಂದು ವಾರ ಬಿಟ್ಟು ಹೋಗಿ ಕೇಳಿ ಅಂತಾನೂ ಹೇಳಿಕೊಟ್ಟೆ. ನೀನು ಖುಷಿಯಲ್ಲಿದ್ರೆ ಇಲ್ಲ ಅನ್ನಲ್ಲ ಅಂತ ನನಗೆ ಗೊತ್ತಿಲ್ವಾ?"

ಯೂನಿಫಾರ್ಮಕ್ಕ ಕೂತುಬಿಟ್ಟಳು.

"ಆ ಹುಡುಗಿ ಮೇಲೆ ಲೋಟ ಹಂಚ್ತಿದ್ದಾಳೆ ಕಣೇ."

"ಎಲ್ಲರೂ ಹೀಗೇ ಮಾಡ್ತಾರಮ್ಮ. ಈಗ ಅದೆಲ್ಲ ಬಿಡು. ಎದೆ ಹತ್ರ ಇನ್ನೂ ಬಿಗಿ ಇದೆ, ಉಸಿರು ಕಟ್ಟತ್ತೆ. ಇವರ ಕೈಲಿ ಆಗಲ್ಲ, ನೀನೇ ಒಂಚೂರು ಸರಿ ಮಾಡಿಕೊಡು."

ತಾಯಿ ಕೈಚೀಲದಿಂದ ಕತ್ತರಿ, ಸೂಜಿ, ದಾರ ತೆಗೆದಳು. ಪಕ್ಕದ ಹೊಲಿಗೆ ಬಿಚ್ಚಿದಳು. ಮಗಳು ನೆಮ್ಮದಿಯಿಂದ ಇನ್ನೊಂದು ಬೂಟನ್ನು ಎತ್ತಿಕೊಂಡಳು. ಅವಳು ತಿರುಗಿ ನೋಡುವ ಹೊತ್ತಿಗೆ ಒಂದು ಬದಿಯನ್ನು ಹಳೆಯ ತೂತುಗಳ ಮೇಲೆಯೇ ಹೊಲಿದಾಗಿತ್ತು.

"ಅಮ್ಮಾ, ಏನ್ ಮಾಡ್ತಿದ್ದೀಯಾ? ಹಾಗೆ ಹೊಲಿದ್ರೆ ನನಗೆ ಹಿಡಿಯೋದೇ ಇಲ್ಲ."

"ಹೌದು, ಹಿಡಿಯಲ್ಲ."

ಇನ್ನೊಂದು ಬದಿಯನ್ನೂ ಹಾಗೆಯೇ ಹೊಲಿದು, ಒಳಗೆ ಮಿಕ್ಕ ಬಟ್ಟೆಯನ್ನು ಯೂನಿಫಾರ್ಮಕ್ಕ ಕರಕರ ಕತ್ತರಿಸಿ ನೆಲಕ್ಕೆ ಹಾಕಿದಳು. ಇನ್ನು ಯಾರು ಬಂದರೂ ಅದನ್ನು ಮಗಳ ಮೈಗೆ ಸಡಿಲ ಮಾಡುವಂತಿರಲಿಲ್ಲ. ಮಗಳ ಮುಖ ಬಿಳಿಚಿಕೊಂಡಿತು, ಆದರೆ ಅವಳು ಅಳಲಿಲ್ಲ.

ಬಾಗಿಲು ತಳ್ಳಿಕೊಂಡು ನಿರ್ದೇಶಕ ಬಂದ. ನೆಲದ ಮೇಲಿನ ಸ್ಯಾಟಿನ್ ಚೂರುಗಳನ್ನು ನೋಡಿದ, ತಾಯಿಯನ್ನು ನೋಡಿದ, ಮಗಳನ್ನು ನೋಡಿದ.

"ಇದನ್ನ ಯಾರ ಅಳತೆಗೆ ಕತ್ತರಿಸಿದ್ರೋ ಅವಳೇ ಹಾಕ್ಕೊಂಡು ಕುಣೀಲಿ," ಅಂದಳು ಯೂನಿಫಾರ್ಮಕ್ಕ. ಅವನು ವಾದ ಮಾಡುತ್ತಾನೆ, ಮಾಡಿದರೆ ಅವನ ಏಳು ತಲೆಮಾರನ್ನು ಜಾಲಾಡಿಬಿಡುತ್ತೇನೆ ಎಂದು ನಾಲಿಗೆ ಮಸೆದುಕೊಂಡು ನಿಂತಿದ್ದಳು.

ಅವನು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಹಲ್ಲು ಬಿಟ್ಟ. "ನಾನೂ ಅದನ್ನೇ ಯೋಚಿಸ್ತಿದ್ದೆ ಮೇಡಂ. ನೀವು ಹೇಳಿದ ಮೇಲೆ ಮುಗೀತು. ಈಗಲೇ ಅವಳಿಗೆ ಹೇಳ್ತೀನಿ. ಉಡುಪಿನ ಬಾಕಿ ಹಣ ಮಾತ್ರ..."

"ಬರತ್ತೆ, ಹೋಗು," ಎಂದಳು ಅವಳು. ಅವನ ಹೆಜ್ಜೆಯ ಸದ್ದು ಮೆಟ್ಟಿಲು ಹತ್ತಿಹೋಯಿತು.

ಮಗಳು ಕನ್ನಡಿಯೊಳಗಿಂದಲೇ ತಾಯಿಯನ್ನು ನೋಡುತ್ತಿದ್ದಳು. "ನಾನೂ ಇದನ್ನೇ ಮಾಡಿದ್ದಲ್ವಾಮ್ಮ?" ಅಂದಳು. "ನಿನ್ನ ದುಡ್ಡು ತೋರಿಸಿ ನಾನು ಅವಳನ್ನ ತೆಗೆಸ್ದೆ. ಅದನ್ನೇ ತೋರಿಸಿ ನೀನು ನನ್ನ ತೆಗೆಸ್ದೆ. ನಮ್ಮಿಬ್ಬರಲ್ಲಿ ಯಾರು ಚೆನ್ನಾಗಿ ಕುಣೀತಾರೆ ಅಂತ ನೀನೂ ಕೇಳ್ಲಿಲ್ಲ."

ಯೂನಿಫಾರ್ಮಕ್ಕ ಬಗ್ಗಿ ನೆಲದ ಮೇಲಿದ್ದ ಸ್ಯಾಟಿನ್ ಚೂರುಗಳನ್ನು ಹೆಕ್ಕಿ ಕೈಚೀಲಕ್ಕೆ ತುಂಬತೊಡಗಿದಳು.