ಒಂದೇ ಮೂಗಿನ ಎರಡು ಗುಟ್ಟು

ದಕ್ಷಿಣ ಚೀನಾದ ನಮ್ಮ ಶುಂಡೆಯ ಕಡೆ ಕ್ಯಾನ್ಸರ್ ಬಂದರೆ ಊರಿಗೆಲ್ಲ ಹೇಳುತ್ತೇವೆ, ರೋಗಿಗೆ ಮಾತ್ರ ಸೈನಸ್ ಎನ್ನುತ್ತೇವೆ. ಗೆಳೆಯ ಹುಂಗಣ್ಣನ ಮೂಗಿನ ಹಿಂದೆ, ಗಂಟಲಿನ ಮೇಲ್ತುದಿಯಲ್ಲಿ ಗೆಡ್ಡೆ ಸಿಕ್ಕಾಗ ವರದಿ ತಂದ ಹೆಂಡತಿ ಯೂಕ್‌ಲಾನ್ ಮಾಡಿದ್ದೂ ಅದನ್ನೇ. ನನ್ನೆದುರು ಅತ್ತಳು, ಗಂಡನಿಗೆ ಸೈನಸ್ ಎಂದಳು.

ಮರುವಾರ ಅವನೊಬ್ಬನೇ ಆಸ್ಪತ್ರೆಗೆ ಹೋದ. ಮೂಗಿನಿಂದ ತೆಗೆದ ಇನ್ನೊಂದು ಚೂರಿನಲ್ಲಿ ಕ್ಯಾನ್ಸರ್ ಇದೆಯೆಂದು ನೇರ ಅವನಿಗೇ ಹೇಳಿಬಿಟ್ಟರು; ಅದು ಬೇರೆಯೇ ಜಾತಿಯದು, ಮೊದಲಿನದನ್ನು ಅವನಿಗೆ ಹೇಳಿದವರಿಲ್ಲ. ಅವನೂ ನನ್ನ ಕಿವಿಗೇ ಸುರಿದ: "ಅವಳಿಗೆ ಬಿ.ಪಿ. ಕಣೋ, ಕೇಳಿದ್ರೆ ಬಿದ್ದೇ ಹೋಗ್ತಾಳೆ. ಮುಂದಿನ ತಿಂಗಳು ತಂಗಿ ಮನೆಗೆ ಹೋಗ್ತಾಳಲ್ಲ, ಆಗ ಗುಟ್ಟಾಗಿ ಮದ್ದು ಶುರು ಮಾಡ್ತೀನಿ."

ಒಂದು ತಿಂಗಳು ತಡವಾದರೆ ಪ್ರಾಣಕ್ಕೇ ಸಂಚಕಾರ ಎಂದು ಡಾಕ್ಟರು ಯೂಕ್‌ಲಾನ್‌ಗೆ ಹೇಳಿದ್ದರು. ಎರಡೂ ಗುಟ್ಟು ನುಂಗಿಕೊಂಡು ನಾನು ಚಹಾದಂಗಡಿಯಲ್ಲಿ ಅವರ ನಡುವೆ ಕೂತು ಬೆಳಗಿನ ಚಹಾ ಕುಡಿಯುತ್ತಿದ್ದೆ. ಹೊರಗೆ ಕಾಲುವೆಯ ಕೆಸರಲ್ಲಿ ಹೂತಿಟ್ಟಿದ್ದ ಡ್ರ್ಯಾಗನ್ ದೋಣಿಯನ್ನು ಹುಡುಗರು ಹಬ್ಬದ ಪಂದ್ಯಕ್ಕೆಂದು ಎಬ್ಬಿಸುತ್ತಿದ್ದರು. ಪಟಾಕಿ, ನಗಾರಿ, ಕೂಗಾಟ.

"ಸೋಮವಾರ ಆಸ್ಪತ್ರೆಗೆ ಹೋಗ್ಬರೋಣ ಅಂದ್ರೆ ಕೇಳಲ್ವಲ್ಲ, ಹಾಳು ಮುದುಕ!" ಎಂದು ಯೂಕ್‌ಲಾನ್ ನನಗೆ ದೂರಿದಳು.

"ಬರೀ ಸೈನಸ್ಸಿಗೆ ಏನವಸರ? ನೀನು ತಂಗಿ ಮನೆಗೆ ಹೋಗ್ಬಾ ಮೊದ್ಲು."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗೆಡ್ಡೆಯಿಂದ ಒಂದು ಕಿವಿ ಮಂದವಾದಮೇಲೆ ಅವನು ಸ್ಪೀಕರಿನಲ್ಲೇ ಮಾತಾಡುವುದು.

"ಹುಂಗಣ್ಣ, ನಾನು ಡಾಕ್ಟರ್ ಫುಂಗ್!" ಆಕೆಯ ದನಿಯಲ್ಲಿ ಲಾಟರಿ ಹೊಡೆದವರ ಸಡಗರ. "ನಿಮ್ಮ ಎರಡು ಕ್ಯಾನ್ಸರಿಗೂ ಒಂದೇ ವೈರಸ್ಸು! ಜೊತೆಜೊತೆಗೇ ಬಂದಿವೆ, ಇಂಥದ್ದು ನಾನು ನೋಡೇ ಇರ್ಲಿಲ್ಲ. ಎರಡಕ್ಕೂ ಚಿಕಿತ್ಸೆ ಇದೆ, ಬೇಗ ಬನ್ನಿ!"

ಮೇಜುಗಳ ನಡುವೆ ಸಿಗಡಿ ಕಡುಬು ಹಂಚುತ್ತಿದ್ದವಳ ತಳ್ಳುಗಾಡಿಯೂ ನಿಂತಿತು.

"ಎರಡನೇದು ಯಾವುದ್ರೀ?" ಯೂಕ್‌ಲಾನ್ ಎದ್ದು ನಿಂತಳು.

"ಮೊದಲನೇದು ಯಾವುದು ಹೇಳೇ?" ಅವನೂ ಎದ್ದ.

"ನನ್ನಿಂದ ಮುಚ್ಚಿಟ್ರಾ!"

"ನೀನೇನು ಡಂಗುರ ಹೊಡಿಸಿದ್ಯಾ?"

ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ನಾನು ಕಡುಬಿನ ಬುಟ್ಟಿಯೊಳಗೆ ಇಣುಕಿದೆ.

"ಹಲೋ? ಬರ್ತೀರೋ ಇಲ್ವೋ?" ಎಂದಿತು ಫೋನು.

ಹುಂಗಣ್ಣ ಹೆಂಡತಿಯನ್ನೇ ನೋಡಿದ. ಅವಳು ಬಿದ್ದಿರಲಿಲ್ಲ. ಮುಖ ಕೆಂಪೇರಿತ್ತು, ಅದು ಬಿ.ಪಿ.ಯಲ್ಲ, ಸಿಟ್ಟು. ಬಯ್ಯಲು ಉಸಿರು ತುಂಬಿಕೊಳ್ಳುತ್ತಿದ್ದಳು.

"ಬಚ್ಚಿಡೋಕೆ ಇನ್ನೇನು ಉಳೀತು ಡಾಕ್ಟ್ರೇ? ಸೋಮವಾರ ಯಾಕೆ, ಈಗ್ಲೇ ಹೊರಟ್ವಿ!" ಎಂದ ಅವನು ಫೋನಿಗೆ.

ಚಹಾದಂಗಡಿಯಿಡೀ ಹೋ ಎಂದಿತು. ಬಸ್ ನಿಲ್ದಾಣದವರೆಗೂ ಅವಳ ಬೈಗುಳ ಕೇಳಿಸುತ್ತಿತ್ತು. ಅವನ ತೋಳನ್ನು ಮಾತ್ರ ಬಿಟ್ಟಿರಲಿಲ್ಲ.