ಬಿಂದು ಮಡಚದ ಬೆರಳು

ಸ್ಕೂಲಿಗೆ ಹೋಗೋಕೆ ರೇಷ್ಮೆ ಸೀರೆ ಯಾಕೆ ಬೇಕಿತ್ತೋ ನಂಗೆ! ಮೊಮ್ಮಗಳು ಬಿಂದುಶ್ರೀ ಎರಡನೇ ಕ್ಲಾಸು. ಇವತ್ತು ಮನೆಯೋರ ಮುಂದೆ ಮಕ್ಕಳು ಏನೋ ಮಾತಾಡ್ತಾರಂತೆ. ಮಗ, ಸೊಸೆ ಇಬ್ಬರಿಗೂ ರಜ ಸಿಗಲಿಲ್ಲ. ಈ ಬೈರಮ್ಮ ಇರೋದ್ಯಾಕೆ ಅಂತ ಬೀಗಿಕೊಂಡು ನಾನೇ ಹೊರಟೆ. ಸಾರಕ್ಕಿ ಮಾರ್ಕೆಟ್ಟಲ್ಲಿ ಸಿಕ್ಕಿದೋರಿಗೆಲ್ಲ ಹೇಳಿಕೊಂಡೇ ಹೋದೆ.

ಬೀಗೋಕೆ ಇನ್ನೊಂದು ಕಾರಣಾನೂ ಇತ್ತು. ನಿನ್ನೆ ತಾನೇ ಮಹಡಿ ಮನೆ ಬಾಡಿಗೆಯೋಳು ಚೂಡಾಮಣಿಗೆ ಮನೆ ಖಾಲಿ ಮಾಡು ಅಂದಿದ್ದೆ. ಅವಳು ಮಾಡಿದ್ದಾದ್ರೂ ಏನು? ಸ್ಕೂಲ್ ಬಿಟ್ಟ ಕೂಡ್ಲೆ ಬಿಂದು ಬ್ಯಾಗ್ ಎಸೆದು ಮೆಟ್ಟಿಲು ಹತ್ತೋದು, ಅವಳ ಅಡುಗೆಮನೇಲಿ ಕೂತು ಗುಸುಗುಸು ಮಾತಾಡೋದು. ನನ್ನ ಮೊಮ್ಮಗಳನ್ನೇ ಬುಟ್ಟಿಗೆ ಹಾಕ್ಕೊಂಡ್ರೆ ಸುಮ್ಮನಿರೋಕಾಗುತ್ತಾ? ಖಾಲಿ ಮಾಡು ಅಂದಾಗ ಅವಳು ಕಣ್ಣೀರು ಹಾಕಿದ್ಲು. ನಾಟಕ ಅಂದ್ಕೊಂಡೆ.

ಕ್ಲಾಸಲ್ಲಿ ಶಾಲಿನಿ ಮಿಸ್ಸು ಮಕ್ಕಳನ್ನ ಒಬ್ಬೊಬ್ಬರನ್ನೇ ಎಬ್ಬಿಸಿದ್ರು. ಅಳು ಬಂದಾಗ, ಭಯ ಆದಾಗ ಯಾರ ಹತ್ತಿರ ಹೇಳ್ಕೋತೀರಿ? ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಚಿ ಅಂದ್ರು. ಇದೂ ಒಂದು ಪಾಠವಾ! ನಮ್ಮ ಕಾಲದಲ್ಲಿ ಅತ್ರೆ ಬೆನ್ನಿಗೆ ಇನ್ನೊಂದು ಏಟು ಬೀಳ್ತಿತ್ತು. ಆದ್ರೂ ಬಿಂದು ಎದ್ದಾಗ ಸೆರಗು ಸರಿ ಮಾಡ್ಕೊಂಡೆ. ಮೊದಲನೇ ಬೆರಳು ನಂದೇ ತಾನೆ.

ಹೆಬ್ಬೆರಳು ಮಡಚಿದ್ಲು. “ಮಹಡಿ ಮನೆ ಚೂಡಾಮಣಿ ಆಂಟಿ.”

ನನ್ನ ಮುಖ ಇಷ್ಟು ಚಿಕ್ಕದಾಯ್ತು. ಆಮೇಲೆ ಅಮ್ಮ. ಆಮೇಲೆ ಮಿಸ್ಸು. ನಾಲ್ಕನೇದಾದ್ರೂ ನಂದಿರಬಹುದು ಅಂತ ಉಸಿರು ಬಿಗಿಹಿಡಿದೆ.

“ಕರಿಯ.”

“ಕರಿಯ ಯಾರು ಪುಟ್ಟಿ?”

“ನಮ್ಮ ನಾಯಿ, ಮಿಸ್.”

ಎಲ್ಲರೂ ಗೊಳ್ಳಂತ ನಕ್ಕರು. ಕಿರುಬೆರಳು ಹಾಗೇ ನಿಂತಿತ್ತು. ಮಿಸ್ಸು ಪಾಪ, ನನ್ನ ಕಡೆ ತೋರಿಸಿ, “ಅಜ್ಜಿ ಬಂದಿದ್ದಾರಲ್ಲ?” ಅಂದ್ರು.

“ಅಜ್ಜಿಗೆ ಹೇಳಿದ್ರೆ ‘ಅಳೋಕೇನು ಬಂದಿದೆ ನಿಂಗೆ ರೋಗ’ ಅಂತಾರೆ.” ಮಗು ಕೋಪದಲ್ಲಿ ಅನ್ನಲಿಲ್ಲ, ಮಗ್ಗಿ ಒಪ್ಪಿಸೋ ಹಾಗೆ ಅಂದ್ಲು.

ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ತಲೆ ಎತ್ತೋಕಾಗಲಿಲ್ಲ.

ಮನೆಗೆ ಬಂದೋಳೇ ಬಿಂದು ಕೈ ಹಿಡ್ಕೊಂಡು ಮಹಡಿ ಹತ್ತಿದೆ. ಚೂಡಾಮಣಿ ಪಾತ್ರೆಗಳನ್ನ ಗೋಣಿಚೀಲಕ್ಕೆ ತುಂಬ್ತಾ ಇದ್ಲು.

“ಎಲ್ಲಿಗೆ ಹೋಗ್ತೀರಾ ಆಂಟಿ?” ಅಂತ ಮಗು ಕೇಳ್ತು.

ಚೂಡಾಮಣಿ ನನ್ನ ಮುಖ ನೋಡಿದ್ಲು. “ಇಲ್ಲ ಪುಟ್ಟಿ, ಸುಮ್ನೆ ಜೋಡಿಸ್ತಿದೀನಿ.”

ನನ್ನ ಮರ್ಯಾದೆ ಕಾಯೋಕೆ ಸುಳ್ಳು ಹೇಳಿದ್ಲು! ನಾಚಿಕೆಯಿಂದ ಸತ್ತೇ ಹೋದೆ.

“ನಾನೇ ಹೋಗು ಅಂದಿದ್ದು ಕಣೆ ಬಿಂದು,” ಅಂದೆ. “ತಪ್ಪಾಯ್ತು ಚೂಡಾಮಣಿ. ಆದ್ರೆ ನೀನೂ ಮಗೂನ...”

“ಅಜ್ಜಿ, ತಪ್ಪಾಯ್ತು ಅಂದ್ಮೇಲೆ ಆದ್ರೆ ಅನ್ನಬಾರದು. ಮಿಸ್ ಹೇಳಿದಾರೆ.”

“ತಪ್ಪಾಯ್ತು. ಹೋಗ್ಬೇಡ.” ಅಂದೆ.

“ಇರ್ಲಿ ಬಿಡಿ ಅಮ್ಮ,” ಅಂದ್ಲು ಚೂಡಾಮಣಿ. “ನಮ್ಮನೆಯೋರು ಬೆಳಿಗ್ಗೆನೇ ಕತ್ರಿಗುಪ್ಪೇಲಿ ಮನೆ ಒಪ್ಕೊಂಡು ಬಂದ್ಬಿಟ್ಟಿದಾರೆ.”

ಬಿಂದು ತುಟಿ ನಡುಗ್ತು, ಕಣ್ಣು ತುಂಬ್ತು. ‘ಅಳೋಕೇನು...’ ಹಾಳಾದ್ದು, ನಾಲಗೆ ತುದಿಗೇ ಬಂದಿತ್ತು. ನುಂಗಿಕೊಂಡೆ. ಅವಳು ನನ್ನನ್ನ ದಾಟಿಕೊಂಡು ದಡದಡ ಕೆಳಗಿಳಿದ್ಲು. ಗೇಟ್ ಹತ್ತಿರ ಮಲಗಿದ್ದ ಕರಿಯನ ಕುತ್ತಿಗೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ಲು.

ಹಿಂದೇನೇ ಇಳಿದು ಆ ರೇಷ್ಮೆ ಸೀರೇಲೇ ನೆಲದ ಮೇಲೆ ಕೂತೆ. ನಾಯಿಯ ಆ ಕಡೆ ಅವಳು, ಈ ಕಡೆ ನಾನು. ನಾಯಿ ಆದ್ಮೇಲಾದ್ರೂ ನನ್ನ ಸರದಿ ಬರಲಿ ಅಂತ ಬಾಯಿ ಮುಚ್ಕೊಂಡು ಕಾದೆ.