ಒಂದೇ ಡಬ್ಬಿಯ ಪುಡಿ

ಸೇಂಗಾ ಹೊಲದಲ್ಲಿ ಕಸ ತೆಗೆಯಲು ಬಗ್ಗಿದರೆ ಶೇಖರಮ್ಮನ ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯುತ್ತಿತ್ತು. ಎರಡು ವಾರದಿಂದ ಇದೇ ಗೋಳು. ಅತ್ತೆಯ ಪ್ರಕಾರ ಅದು ಹೊಟ್ಟೆನೋವಲ್ಲ, ಮೈಗಳ್ಳತನ. ಅಲ್ಲ ಎಂದು ತೋರಿಸಲು ಶೇಖರಮ್ಮನ ಹತ್ತಿರ ಏನೂ ಇರಲಿಲ್ಲ.

ಕೊಪ್ಪಳದ ವೈದ್ಯಕೀಯ ಕಾಲೇಜೊಂದರ ಅಧ್ಯಯನಕ್ಕೆಂದು ತಾವರಗೇರಾಕ್ಕೆ ಬಂದಿದ್ದ ಗೀತಾ, ಮಲಬದ್ಧತೆ ಇದ್ದ ಹೆಂಗಸರ ಹೆಸರು ಬರೆದುಕೊಂಡು ನಾರಿನ ಪುಡಿಯ ಪೊಟ್ಟಣ ಹಂಚಿದ್ದಳು. ದಿನಕ್ಕೊಂದನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯಬೇಕು. ಅದೇ ಮನೆಯ ಇನ್ನೊಬ್ಬ ಸೊಸೆ, ನೆಗೆಣ್ಣಿ ಅಮೃತಾಳಿಗೆ ನಾಲ್ಕೇ ದಿನದಲ್ಲಿ ಹೊಟ್ಟೆ ಹಗುರಾಯಿತು. ಶೇಖರಮ್ಮನಿಗೆ ಗಾಳಿ ತುಂಬಿತು. ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಪುಡಿ. ತನ್ನ ಪೊಟ್ಟಣಗಳೇ ಕೆಟ್ಟಿರಬೇಕು ಎಂದು ಅವಳು ಅಂದದ್ದೇ ತಪ್ಪಾಯಿತು. ಒಂದೇ ಒಲೆಯ ಮನೆಯಲ್ಲಿ ನಿನ್ನದು ನನ್ನದು ಏನು ಎಂದು ಅತ್ತೆ ಇಬ್ಬರ ಪೊಟ್ಟಣಗಳನ್ನೂ ಹರಿದು ಒಂದೇ ಡಬ್ಬಿಗೆ ಸುರಿದಳು. ಇನ್ನು ಯಾವ ನೆಪ ಹೇಳುತ್ತೀ ನೋಡೋಣ ಅಂದಳು. ಆದರೂ ಹೊಟ್ಟೆ ಉಬ್ಬಿತು.

ಸೋಮವಾರ ಗೀತಾ ಬಂದವಳು ಡಬ್ಬಿ ನೋಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಯಾರು ಎಷ್ಟು ಕುಡಿದರೆಂದು ಇನ್ನು ಹೇಳಲಾಗದು, ಇಬ್ಬರ ಹೆಸರನ್ನೂ ಹೊಡೆದುಹಾಕಬೇಕು ಅಂದಳು. ಈ ಊರಲ್ಲಿ ಹೀಗಾದ ಐದನೇ ಮನೆ ಇದು.

‘ಹೆಸರು ಹೋಗ್ಲಿ ಬಿಡ್ರಿ ಅಕ್ಕಾರ. ನನಗಷ್ಟ ಯಾಕ ಹಿಂಗಾಗತೈತಿ, ಅದನ್ನ ನಮ್ಮತ್ತಿ ಮುಂದ ಹೇಳ್ರಿ,’ ಅಂದಳು ಶೇಖರಮ್ಮ.

ಪುಡಿ ನಮ್ಮ ಊಟವಲ್ಲ, ಕರುಳಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳ ಊಟ ಎಂದು ಗೀತಾ ಬೇಸರವನ್ನು ನುಂಗಿಕೊಂಡು ಹೇಳಿದಳು. ಅವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವು ಪುಡಿಯನ್ನು ತಿಂದು ಹೊಟ್ಟೆ ಸಡಿಲಿಸುತ್ತವೆ, ಕೆಲವು ಬರೀ ಗಾಳಿ ಎಬ್ಬಿಸುತ್ತವೆ. ಶೇಖರಮ್ಮ ಹೋದ ವರ್ಷ ಆರು ತಿಂಗಳು ಟಿಬಿ ಗುಳಿಗೆ ನುಂಗಿದ್ದಳು. ಬೇಕಾದ ಜೀವಿಗಳು ಅದರಲ್ಲೇ ಸತ್ತಿರಬಹುದು. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ, ಗೊತ್ತಿದ್ದರೆ ಪುಡಿ ಹಂಚುವ ಕೆಲಸವೇ ಇರುತ್ತಿರಲಿಲ್ಲ.

‘ಒಂದ ಬುಟ್ಟ್ಯಾಗಿನ ರೊಟ್ಟಿ ತಿಂದೋರಿಗೆ ಬ್ಯಾರೆ ಬ್ಯಾರೆ ಹುಳ ಅದಾವೇನು?’ ಅಂದಳು ಅತ್ತೆ.

‘ಬುಟ್ಟಿ ಒಂದ ಇರಬಹುದ್ರಿ ಅಮ್ಮಾರ, ಹೊಟ್ಟಿ ಎರಡು.’

ಅತ್ತೆ ಸೊಸೆಯ ಹೊಟ್ಟೆಯತ್ತ ಕೈ ತೋರಿಸಿದಳು. ‘ಹಂಗಾರ ಈಕಿ ನಾಟಕ ಮಾಡಾಕತ್ತಿಲ್ಲ?’

‘ಇಲ್ರಿ.’

ಗೀತಾ ಹೋದ ಮೇಲೆ ಅತ್ತೆ ಡಬ್ಬಿಯನ್ನು ಅಮೃತಾಳ ಕೈಗೆ ಕೊಟ್ಟಳು. ನಾಳೆಯಿಂದ ಅಮೃತಾ ಹೊಲಕ್ಕೆ ಹೋಗಲಿ, ನೀನು ರೊಟ್ಟಿ ಬಡಿ ಎಂದು ಶೇಖರಮ್ಮನಿಗೆ ಹೇಳಿದಳು. ದಿನಕ್ಕೆ ನಲವತ್ತು ರೊಟ್ಟಿ, ಅದಕ್ಕೂ ಬಗ್ಗಲೇಬೇಕು. ಶೇಖರಮ್ಮ ಹೂಂ ಅಂದಳು.